ಸಂಗನಕಲ್ಲಿನ ನಾದಶಿಲೆಗಳಲ್ಲಿ ರಾಗವನ್ನು ಹುಡುಕಬಹುದೇ?

ಕರ್ನಾಟಕ ಸಂಗೀತದ ವಿದ್ವತ್ ಪರೀಕ್ಷೆ ಮುಗಿದಿದೆ, ಬಳ್ಳಾರಿ ಬಳಿಯ ಸಂಗನಕಲ್ಲಿನ ಗುಡ್ಡದಲ್ಲಿರುವ, ತಟ್ಟಿದರೆ ದನಿಗೊಡುವ ನಾದಶಿಲೆಗಳಲ್ಲಿ ಯಾವ ರಾಗ ನುಡಿಯುತ್ತಿತ್ತೆಂದು ಸಂಶೋಧಿಸುವ ಆಸೆಯಿದೆ, ಅದಕ್ಕೆ ಪುರಾತತ್ತ್ವದಲ್ಲಿ ಎಂ.ಎ. ಮಾಡಬೇಕೇ, ಸಂಗೀತದಲ್ಲೇ ಪಿಎಚ್.ಡಿ.ಗೆ ಸೇರಬೇಕೇ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ 14 ವರ್ಷಗಳ ಹಿಂದಿನ ನಾನೇ ಎದುರಿಗೆ ಬಂದು ನಿಂತಂತಾಯಿತು.

ಆಗ ನಾನು ಸಂಗೀತ ವಿಭಾಗವೊಂದರಲ್ಲಿ ಸಂಶೋಧನೆಗೆ ನೋಂದಾಯಿಸಿದ್ದೆ. ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳ ಶಿಲಾಚಿತ್ರಗಳನ್ನೂ ನಾದವನ್ನೂ ಒಟ್ಟಿಗೆ ಇಟ್ಟು ಪುರಾತತ್ತ್ವಜ್ಞೆ ನಿಕೋಲ್ ಬೋವಿನ್ ಅವರು 2004ರಲ್ಲಿ ಪ್ರಕಟಿಸಿದ ಲೇಖನ ಕೈಗೆ ಸಿಕ್ಕಿದ್ದೇ ತಡ, ಬಳ್ಳಾರಿಯ ಬಸ್ಸು ಹತ್ತಿದೆ. ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಮೇಲೆದ್ದ ಕಪ್ಪು ಡಾಲರೈಟ್ ಕಲ್ಲಿನ ಸಾಲು, ಅದರ ಬಂಡೆಗಳ ಮೇಲೆ ಹಿಣಿಲು ಹೊತ್ತ, ಉದ್ದ ಕೊಂಬಿನ ದನಗಳ ಕುಟ್ಟುಚಿತ್ರಗಳು, ಅಲ್ಲಲ್ಲಿ ಹೊಡೆದು ಹೊಡೆದು ಸವೆದ ಬಟ್ಟಲಿನಂಥ ಗುಳಿಗಳು. ಅಂಥದ್ದೊಂದು ಗುಳಿಯೊಳಗೆ ಬೆರಳಿಟ್ಟಾಗ, ಬಂಡೆಯ ಉಳಿದ ಮೈಯೆಲ್ಲ ಒರಟಾಗಿದ್ದರೂ ಅದರ ತಳ ಮಾತ್ರ ಒರಳಿನ ಒಳಮೈಯಂತೆ ನುಣುಪಾಗಿತ್ತು. ಉಂಡೆಗಲ್ಲಿನಿಂದ ಮೆಲ್ಲಗೆ ತಟ್ಟಿದಾಗ ಜಾಗಟೆ ಬಾರಿಸಿದಂಥ ದನಿ ಹೊರಟಿತು. ಆ ಕ್ಷಣದ ರೋಮಾಂಚನ ಈಗಲೂ ಹಾಗೆಯೇ ಇದೆ.

ತಪ್ಪು ನಡೆದದ್ದು ಮರುದಿನ. ಕಲ್ಲನ್ನು ಕೇಳುವ ಮೊದಲು ನಾನು, ಷಡ್ಜ–ಪಂಚಮಗಳನ್ನು ಎಡೆಬಿಡದೆ ನುಡಿಯುವ ಶ್ರುತಿಪೆಟ್ಟಿಗೆಯನ್ನು ಹಾಕಿದೆ. ಚಿಕ್ಕಂದಿನಿಂದ ಷಡ್ಜವನ್ನು ಕಿವಿಯಲ್ಲಿ ತುಂಬಿಕೊಳ್ಳದೆ ಒಂದು ಸ್ವರವನ್ನೂ ಹಾಡಿದವಳಲ್ಲ. ಹಾಗಾಗಿ ಅದು ತಪ್ಪೆಂದು ಹೊಳೆಯಲೂ ಇಲ್ಲ. ನಾನು ಹಾಡುವ ಆಧಾರಸ್ವರವಾದ ಐದು ಮನೆ ಶ್ರುತಿ ಬಂಡೆಯ ಪಕ್ಕದಲ್ಲಿ ನುಡಿಯುತ್ತಿರಲು, ಒಂದೊಂದೇ ಕಲ್ಲನ್ನು ತಟ್ಟಿ, ಕೇಳಿಸಿದ್ದನ್ನು ಸ, ಗ, ಪ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಕೊನೆಗೆ ಸ, ರಿ, ಗ, ಪ, ದ ಐದೂ ಸಿಕ್ಕವು. ಮೋಹನ ರಾಗ! ಆ ರಾತ್ರಿ ನಿದ್ದೆ ಬರಲಿಲ್ಲ.

ಈ ಒಂದು ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಏಕೆಂದರೆ ಸಂಗೀತ ಕಲಿತವರು ಇಲ್ಲಿಯೇ ಎಡವುತ್ತಾರೆ. ತಂತಿಯನ್ನು ಮೀಟಿದಾಗ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕದ ಉಪಸ್ವರಗಳು ಹುಟ್ಟುತ್ತವೆ. ಅವು ಒಂದಕ್ಕೊಂದು ಒಗ್ಗುವುದರಿಂದ ಕಿವಿಗೆ ಒಂದೇ ಸ್ವರ ನಿಚ್ಚಳವಾಗಿ ಕೇಳಿಸುತ್ತದೆ. ಕಲ್ಲು ಹಾಗಲ್ಲ. ಎರಡೂ ತುದಿ ಬಿಡುವಾಗಿರುವ, ಒಂದೇ ದಪ್ಪದ ಪಟ್ಟಿಯಲ್ಲಿಯೇ ಎರಡನೆಯ ಕಂಪನ ಮೂಲದ 2.76ರಷ್ಟು, ಮೂರನೆಯದು 5.40ರಷ್ಟು ಇರುತ್ತದೆ, ಅಂಕುಡೊಂಕಾದ ಬಂಡೆಯಲ್ಲಿ ಅಷ್ಟರಮಟ್ಟಿನ ಕ್ರಮವೂ ಇರುವುದಿಲ್ಲ. ಒಂದೇ ಹೊಡೆತಕ್ಕೆ ಒಂದಕ್ಕೊಂದು ಹೊಂದದ ಹಲವು ದನಿಗಳು ಏಳುತ್ತವೆ, ಒಂದು ಗೇಣು ಪಕ್ಕಕ್ಕೆ ಸರಿದು ತಟ್ಟಿದರೆ ಅವುಗಳಲ್ಲಿ ಬೇರೊಂದು ಮೇಲುಗೈ ಪಡೆಯುತ್ತದೆ. ಇಂಥ ದನಿಯ ಪಕ್ಕದಲ್ಲಿ ಷಡ್ಜ–ಪಂಚಮಗಳನ್ನು ಇಟ್ಟರೆ, ಪಳಗಿದ ಕಿವಿಯು ಆ ಗುಂಪಿನಿಂದ ತನಗೆ ಬೇಕಾದ ಸ್ವರವನ್ನು ಆರಿಸಿಕೊಳ್ಳುತ್ತದೆ. ನಾನು ಕೇಳಿದ ಮೋಹನ ಬಂಡೆಯಲ್ಲಿರಲಿಲ್ಲ, ನನ್ನ ಅಭ್ಯಾಸದಲ್ಲಿತ್ತು. ಧ್ವನಿಮುದ್ರಣಗಳಲ್ಲಿಯೂ ಶ್ರುತಿ ಬೆರೆತುಹೋಗಿದ್ದರಿಂದ, ಕಲ್ಲಿನ ದನಿ ಯಾವುದು, ಪೆಟ್ಟಿಗೆಯದು ಯಾವುದು ಎಂದು ಆಮೇಲೆ ಬೇರ್ಪಡಿಸಲಾಗಲಿಲ್ಲ.

ಇನ್ನೂ ಒಂದು ಮಾತು. ಆ ಶ್ರುತಿಯಾದರೂ ಎಷ್ಟು ಹಳೆಯದು? ತಂಬೂರಿಯ ಸ್ಪಷ್ಟ ಕುರುಹುಗಳು 16–17ನೇ ಶತಮಾನಗಳಿಂದ ಈಚೆಗಷ್ಟೇ ಸಿಗುತ್ತವೆ. ರಾಗವನ್ನು ಲಕ್ಷಣ ಹೇಳಿ ವಿವರಿಸಿದ ಮತಂಗನ ‘ಬೃಹದ್ದೇಶೀ’ಯೂ ಕ್ರಿಸ್ತಶಕದ ಮೊದಲ ಸಾವಿರ ವರ್ಷಗಳೊಳಗಿನದು. ಆ ಗುಡ್ಡದಲ್ಲಿ ನವಶಿಲಾಯುಗದ ದನಗಾಹಿಗಳು ಬದುಕಿದ್ದು ಸುಮಾರು 4,000 ವರ್ಷಗಳ ಹಿಂದೆ.

ವಿಚಾರ ಸಂಕಿರಣವೊಂದರಲ್ಲಿ ಪ್ರಬಂಧ ಓದಿದ ಮೇಲೆ ಹಿರಿಯ ಪುರಾತತ್ತ್ವಜ್ಞರೊಬ್ಬರು ಸೌಮ್ಯವಾಗಿಯೇ ಕೇಳಿದರು: “ಮೇಡಂ, ಈ ಗಾಂಧಾರ ಯಾವ ಬಂಡೆಯದು? ಯಾವ ಗುಳಿಯದು? ಯಾವುದರಿಂದ ತಟ್ಟಿದಿರಿ?” ನನ್ನ ಪುಸ್ತಕದಲ್ಲಿ ಸ್ವರವಿತ್ತು, ಸ್ಥಳವಿರಲಿಲ್ಲ. ಎರಡು ವರ್ಷಗಳ ಕೆಲಸ ಅಲ್ಲಿಗೆ ಮುಗಿಯಿತು. ನೋಂದಣಿಯ ಅವಧಿಯೂ ಮುಗಿದು, ಮೊದಲಿನಿಂದ ಆರಂಭಿಸಬೇಕಾಯಿತು.

ಆದ್ದರಿಂದ, ನೇರವಾಗಿ ಹೇಳುತ್ತೇನೆ, ಬೇಸರಿಸಬೇಡಿ: “ಯಾವ ರಾಗ” ಎಂಬ ಪ್ರಶ್ನೆಯನ್ನೇ ಕೈಬಿಡಿ. ಬರವಣಿಗೆ ಉಳಿದಿರುವ ಕಡೆಯಲ್ಲೇ ಇದು ಕಷ್ಟ. ಸಿರಿಯಾದ ಉಗಾರಿತ್‌ನಲ್ಲಿ ಸಿಕ್ಕ, 3,000 ವರ್ಷಗಳಿಗೂ ಹಳೆಯ ಮಣ್ಣಿನ ಹಲಗೆಯ ಮೇಲೆ ಸ್ತೋತ್ರದ ಜೊತೆಗೆ ಅದನ್ನು ನುಡಿಸುವ ಸೂಚನೆಗಳೂ ಇವೆ. ಆದರೂ ಒಬ್ಬೊಬ್ಬ ವಿದ್ವಾಂಸರು ಅದರಿಂದ ಒಂದೊಂದು ಬಗೆಯ ಧಾಟಿಯನ್ನು ಹೊರತೆಗೆದಿದ್ದಾರೆ. ನಮ್ಮ ಗುಡ್ಡದಲ್ಲಿ ಒಂದಕ್ಷರವೂ ಇಲ್ಲ.

ಆದರೆ ಕೇಳಬಹುದಾದ ಪ್ರಶ್ನೆಗಳು ಎಷ್ಟೊಂದಿವೆ! ಗುಳಿಯಿರುವ ಬಂಡೆಯನ್ನು ಹೊಡೆಯುವವನು ಎಲ್ಲಿ ನಿಲ್ಲಬೇಕಿತ್ತು, ಅಲ್ಲಿ ಎಷ್ಟು ಜನಕ್ಕೆ ಜಾಗವಿದೆ, ಆ ದನಿ ಕೆಳಗಿನ ವಸತಿಯವರೆಗೆ ಮುಟ್ಟುತ್ತದೆಯೇ? ಇದೇ ಗುಡ್ಡಗಳ ಸಾಲಿನ ಹಿರೇಗುಡ್ಡದಲ್ಲಿ ಇದೇ ಡಾಲರೈಟ್‌ನಿಂದ ಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದರು. ಸಂತೆಯಲ್ಲಿ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಟಣ್ ಎಂದರೆ ಮಾತ್ರ ಕೊಳ್ಳುವುದನ್ನು ನೋಡಿದ್ದೀರಲ್ಲ. ನಮ್ಮ ಶಿಲ್ಪಶಾಸ್ತ್ರಗಳೂ ಕಲ್ಲಿನ ನಾದವನ್ನು ಕೇಳಿಯೇ ಪುರುಷಶಿಲೆ, ಸ್ತ್ರೀಶಿಲೆ ಎಂದು ವಿಂಗಡಿಸುತ್ತವೆ. ಬಿರುಕಿಲ್ಲದ ಕಲ್ಲು ನುಡಿಯುತ್ತದೆ, ಬಿರುಕು ಬಿಟ್ಟದ್ದು ಮಂಕಾಗುತ್ತದೆ. ಕೊಡಲಿ ಮಾಡುವವರ ಕಿವಿಗೆ ಈ ಭೇದ ತಿಳಿಯದೆ ಇರಲಾರದು ಎಂಬುದು ನನ್ನ ನಂಬಿಕೆ, ಮತ್ತು ಗುಡ್ಡದ ನಾದದ ಕಥೆ ಅಲ್ಲಿಂದಲೇ ಶುರುವಾಗುತ್ತದೆ ಎಂದು ನಾನು ವಾದಿಸುತ್ತೇನೆ.

ಹಾಗಾಗಿ ಪುರಾತತ್ತ್ವದಲ್ಲಿ ಎಂ.ಎ. ಮಾಡಿ. ಸಂಗೀತ ನಿಮಗೆ ಈಗಾಗಲೇ ಬರುತ್ತದೆ. ಬಾರದಿರುವುದು ಅಳತೆ, ನಕ್ಷೆ, ಮಣ್ಣಿನ ಸ್ತರಗಳನ್ನು ಓದುವುದು, ದಾಖಲೆ. ಪಿಎಚ್.ಡಿ. ಆಮೇಲಿನ ಮಾತು. ಅಲ್ಲಿಯವರೆಗೆ ಅನುಮತಿಯಿಲ್ಲದೆ ಯಾವ ಬಂಡೆಯನ್ನೂ ತಟ್ಟಬೇಡಿ, ಚಿತ್ರವಿರುವ ಬಂಡೆಯನ್ನಂತೂ ಅನುಮತಿ ಸಿಕ್ಕರೂ ಮುಟ್ಟಬೇಡಿ. ಹಂಪಿಯ ವಿಜಯವಿಠ್ಠಲ ದೇವಾಲಯದ ಸರಿಗಮ ಕಂಬಗಳನ್ನು ಬಂದವರೆಲ್ಲ ತಟ್ಟಿ ತಟ್ಟಿ, ಕೊನೆಗೆ ಯಾರೂ ಮುಟ್ಟದಂತೆ ತಡೆಯಬೇಕಾಯಿತು. ಕಪ್ಪಗಲ್ಲಿನ ಗುಡ್ಡಕ್ಕೆ ಕಲ್ಲುಗಣಿಗಾರಿಕೆಯಿಂದಲೇ ಸಾಕಷ್ಟು ಪೆಟ್ಟು ಬಿದ್ದಿದೆ.

ಮೊದಲು ಬಳ್ಳಾರಿಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಹೋಗಿ ಆ ಕೊಡಲಿಗಳನ್ನು ಕಣ್ಣಾರೆ ನೋಡಿ ಬನ್ನಿ. ಎರಡನೆಯ ಸಲ ನಾನು ಬಳಸಿದ ದಾಖಲೆಪಟ್ಟಿಯಲ್ಲಿ ಬಂಡೆಯ ಸಂಖ್ಯೆ, ಗುಳಿಯ ಸಂಖ್ಯೆ, ತಟ್ಟಿದ ಸಾಧನ, ಮೈಕಿನ ದೂರ, ಗಾಳಿ, ಹೊತ್ತು ಎಲ್ಲಕ್ಕೂ ಅಂಕಣಗಳಿವೆ, ಸ್ವರಕ್ಕೆ ಇಲ್ಲ. ಬೇಕಿದ್ದರೆ ಕೇಳಿ, ಕಳುಹಿಸುತ್ತೇನೆ.