ಶಿಬಿರದ ದಿನ ನೂರಾರು ಬಾಟಲಿ, ಬೇಸಿಗೆಯಲ್ಲಿ ಒಂದೂ ಇಲ್ಲ: ರಕ್ತದಾನದ ಬಗ್ಗೆ ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನಮ್ಮ ಯುವಕ ಸಂಘ ಪ್ರತಿವರ್ಷ ಗಣೇಶೋತ್ಸವದಲ್ಲಿ ರಕ್ತದಾನ ಶಿಬಿರ ನಡೆಸುತ್ತದೆ. ಕಳೆದ ಸಲ 140 ಜನ ರಕ್ತ ಕೊಟ್ಟರು. ಈ ಏಪ್ರಿಲ್‌ನಲ್ಲಿ ನಮ್ಮೂರಿನ ಬಾಣಂತಿಯೊಬ್ಬರಿಗೆ ವಿಪರೀತ ರಕ್ತಸ್ರಾವವಾದಾಗ, ನಾವು ಕೊಟ್ಟ ರಕ್ತನಿಧಿಯಲ್ಲೇ ಅವರ ಗುಂಪಿನ ರಕ್ತ ಸಿಗಲಿಲ್ಲ. ಬೇರೆ ಊರಿನಿಂದ ತರಿಸುವಷ್ಟರಲ್ಲಿ ಮೂರು ತಾಸು ಕಳೆದವು. ತಾಯಿ ಉಳಿದರು. ಆದರೆ ‘ನಾವು ಕೊಟ್ಟ ರಕ್ತ ಎಲ್ಲಿ ಹೋಯಿತು, ಇನ್ನು ಶಿಬಿರ ಏಕೆ ಮಾಡಬೇಕು’ ಎಂದು ಸದಸ್ಯರು ಕೇಳುತ್ತಿದ್ದಾರೆ.
– ಸಂಘದ ಕಾರ್ಯದರ್ಶಿ, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಸದಸ್ಯರ ನೋವು ನನಗೆ ಅರ್ಥವಾಗುತ್ತದೆ. ಆದರೆ ರಕ್ತವನ್ನು ಕಣಜದಲ್ಲಿ ಭತ್ತ ತುಂಬಿಟ್ಟಂತೆ ವರ್ಷಗಟ್ಟಲೆ ಇಡಲು ಬರುವುದಿಲ್ಲ. ನೀವು ಕೊಟ್ಟ ಒಂದು ಚೀಲ ರಕ್ತವನ್ನು ರಕ್ತನಿಧಿಯ ಯಂತ್ರದಲ್ಲಿ ಗಿರಗಿರನೆ ತಿರುಗಿಸಿದಾಗ ಕೆಂಪು ಕಣಗಳು ತಳಕ್ಕಿಳಿದು, ಒಣಹುಲ್ಲಿನ ಬಣ್ಣದ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಅದರಿಂದ ಪ್ಲೇಟ್‌ಲೆಟ್‌ಗಳನ್ನೂ, ಅಂದರೆ ರಕ್ತಸ್ರಾವ ನಿಲ್ಲಿಸಲು ನೆರವಾಗುವ ಪುಟ್ಟ ಕಣಗಳನ್ನೂ, ಬೇರ್ಪಡಿಸುತ್ತಾರೆ. ಬೇರೆಯಾದ ಮೇಲೆ ಒಂದೊಂದರ ಆಯಸ್ಸೂ ಒಂದೊಂದು ಬಗೆ. ಕೆಂಪು ಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಚೀಲದಲ್ಲಿರುವ ದ್ರಾವಣಕ್ಕೆ ತಕ್ಕಂತೆ, 35 ಅಥವಾ 42 ದಿನ ಇಡಬಹುದು. ಹೆಪ್ಪುಗಟ್ಟಿಸಿದ ಪ್ಲಾಸ್ಮಾ ಒಂದು ವರ್ಷ ಉಳಿಯುತ್ತದೆ. ಪ್ಲೇಟ್‌ಲೆಟ್‌ಗಳಿಗೆ ಇರುವುದು ಐದೇ ದಿನ, ಅದೂ 20ರಿಂದ 24 ಡಿಗ್ರಿಯಲ್ಲಿ, ಹಗಲೂ ರಾತ್ರಿಯೂ ತೊಟ್ಟಿಲಿನಂತೆ ತೂಗುತ್ತಿರುವ ತಟ್ಟೆಯ ಮೇಲೆ. ಹೀಗಾಗಿ ಚೌತಿಯಲ್ಲಿ ನೀವು ಕೊಟ್ಟ ಕೆಂಪು ಕಣಗಳ ಅವಧಿ ದೀಪಾವಳಿಯ ಹೊತ್ತಿಗೇ ಮುಗಿದಿತ್ತು. ಅಷ್ಟರೊಳಗೆ ಅದು ಯಾರದೋ ಹೆರಿಗೆಗೆ, ಅಪಘಾತಕ್ಕೆ, ತಿಂಗಳಿಗೊಮ್ಮೆಯೋ ಎರಡು ಸಲವೋ ರಕ್ತ ಹಾಕಿಸಿಕೊಳ್ಳಲೇಬೇಕಾದ ಯಾವುದೋ ಥಲಸ್ಸೀಮಿಯಾ ಮಗುವಿಗೆ ಸಂದಿರಬೇಕು.

ನಮ್ಮಲ್ಲಿ ಆಗುತ್ತಿರುವ ಅಚಾತುರ್ಯ ಬೇರೆಯದು. ಹಬ್ಬ, ಜಯಂತಿ, ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ ಎಂದು ಎಲ್ಲ ಶಿಬಿರಗಳೂ ಒಂದೇ ಕಾಲಕ್ಕೆ ಬಂದು ರಕ್ತನಿಧಿಯ ಫ್ರಿಜ್ ತುಂಬಿ ತುಳುಕುತ್ತದೆ. ಕಾಲೇಜುಗಳಿಗೆ ಪರೀಕ್ಷೆ, ಆಮೇಲೆ ರಜೆ ಬರುವ ಏಪ್ರಿಲ್–ಮೇ ತಿಂಗಳಲ್ಲಿ ಅದೇ ಫ್ರಿಜ್ ಬರಿದಾಗುತ್ತದೆ. ಹೆರಿಗೆಗಳು ಮಾತ್ರ ಕಾಲ ನೋಡಿ ಬರುವುದಿಲ್ಲ.

ಆದ್ದರಿಂದ ಶಿಬಿರ ಬಿಡಬೇಡಿ, ಹಂಚಿ. ಚೌತಿಗೆ ನಲವತ್ತು ಜನ ಸಾಕು. ಉಳಿದ ನೂರು ಜನರಲ್ಲಿ ಕೆಲವರು ಜನವರಿಯಲ್ಲಿ, ಹೆಚ್ಚಿನವರು ಬೇಸಿಗೆಯಲ್ಲಿ, ಹತ್ತು ಹದಿನೈದು ಮಂದಿಯ ತಂಡವಾಗಿ ನೇರವಾಗಿ ರಕ್ತನಿಧಿಗೇ ಹೋಗಿ ಕೊಡಲಿ. ನೆಗೆಟಿವ್ ಗುಂಪಿನವರ ಹೆಸರುಗಳನ್ನು ಪ್ರತ್ಯೇಕವಾಗಿ ಬರೆದಿಡಿ. ಅವರು ಶಿಬಿರದಲ್ಲಿ ಕೊಡುವುದಕ್ಕಿಂತ, ರಕ್ತನಿಧಿಯಿಂದ ಕರೆ ಬಂದಾಗ ಹೋಗಿ ಕೊಡುವುದೇ ಹೆಚ್ಚು ಉಪಕಾರ. ಇನ್ನೊಂದು ಸಂಗತಿಯನ್ನು ರಕ್ತನಿಧಿಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಪ್ಲೇಟ್‌ಲೆಟ್ ಬೇರ್ಪಡಿಸಬೇಕಾದರೆ ರಕ್ತವನ್ನು ತಣ್ಣಗಾಗಿಸದೆ ಸುಮಾರು ಆರು ಗಂಟೆಗಳೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಮಲೆನಾಡಿನ ರಸ್ತೆಯಲ್ಲಿ, ಸಂಜೆಯವರೆಗೂ ಭಾಷಣ ನಡೆಯುವ ಶಿಬಿರದಿಂದ, ಇದು ಸಾಧ್ಯವಾಗುವುದಿಲ್ಲ. ರಕ್ತ ತೆಗೆಯುವ ಕೆಲಸವನ್ನು ಬೆಳಗ್ಗೆ ಬೇಗ ಶುರು ಮಾಡಿ ಮಧ್ಯಾಹ್ನದೊಳಗೆ ವಾಹನವನ್ನು ಕಳಿಸಿಬಿಡಿ, ಸನ್ಮಾನ ಆಮೇಲೆ ಇಟ್ಟುಕೊಳ್ಳಿ.

ಪ್ರಶ್ನೆ: ತಮ್ಮನಿಗೆ ಡೆಂಗಿ ಬಂದು ಪ್ಲೇಟ್‌ಲೆಟ್ 28,000ಕ್ಕೆ ಇಳಿದಾಗ ಒಂದು ಆಸ್ಪತ್ರೆಯಲ್ಲಿ ತಕ್ಷಣ ದಾನಿಗಳನ್ನು ಕರೆತರಲು ಹೇಳಿದರು, ಇನ್ನೊಂದರಲ್ಲಿ ಬೇಡವೆಂದರು. ಯಂತ್ರದ ಮೂಲಕ ಪ್ಲೇಟ್‌ಲೆಟ್ ಕೊಡುವುದೆಂದರೆ ನನಗೆ ಭಯ.
– ಓದುಗರು, ಬೆಂಗಳೂರು

ಉತ್ತರ: ಡೆಂಗಿಯಲ್ಲಿ ರಕ್ತಸ್ರಾವವಿಲ್ಲದಿದ್ದರೆ, ಸಂಖ್ಯೆ 10,000ಕ್ಕಿಂತ ಕೆಳಗಿಳಿಯುವವರೆಗೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಹಾಕಬೇಕಾಗಿಲ್ಲ. ಒಸಡು, ಮಲ, ಮೂತ್ರದಲ್ಲಿ ರಕ್ತ ಕಾಣಿಸಿದರೆ ಮಾತು ಬೇರೆ, ಅದನ್ನು ರೋಗಿಯನ್ನು ಕಣ್ಣಾರೆ ನೋಡುತ್ತಿರುವ ವೈದ್ಯರೇ ತೀರ್ಮಾನಿಸಬೇಕು. ಡೆಂಗಿಯಲ್ಲಿ ಹೆಚ್ಚಿನವರ ಜೀವ ಕಾಯುವುದು ಸರಿಯಾದ ಪ್ರಮಾಣದ ದ್ರವ ಮತ್ತು ನಿಗಾ. ವರದಿಯ ಅಂಕಿಯೊಂದನ್ನೇ ಹಿಡಿದು ರಾತ್ರೋರಾತ್ರಿ ವಾಟ್ಸ್ಆ್ಯಪ್‌ನಲ್ಲಿ ದಾನಿಗಳನ್ನು ಹುಡುಕುವ ಆತಂಕದಲ್ಲಿ, ಕೀಮೋಥೆರಪಿ ಪಡೆಯುತ್ತಿರುವ ಕ್ಯಾನ್ಸರ್ ರೋಗಿಗಳಿಗೆ ಸಲ್ಲಬೇಕಾದ ಪ್ಲೇಟ್‌ಲೆಟ್ ಖಾಲಿಯಾಗುತ್ತದೆ ಎಂಬುದನ್ನು ನಾವು ಮರೆಯಬಾರದು.

ಯಂತ್ರದ ಬಗ್ಗೆ ಭಯ ಬೇಡ. ತೋಳಿನಲ್ಲಿ ಸೂಜಿ ಇಟ್ಟು ಕುರ್ಚಿಯಲ್ಲಿ ಒರಗಿಸುತ್ತಾರೆ. ಯಂತ್ರವು ಸ್ವಲ್ಪಸ್ವಲ್ಪವೇ ರಕ್ತ ಎಳೆದುಕೊಂಡು, ಪ್ಲೇಟ್‌ಲೆಟ್‌ಗಳನ್ನು ಮಾತ್ರ ಇಟ್ಟುಕೊಂಡು, ಉಳಿದದ್ದನ್ನು ನಿಮ್ಮ ದೇಹಕ್ಕೇ ಮರಳಿಸುತ್ತದೆ. ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ನಡುವೆ ತುಟಿ, ಬೆರಳ ತುದಿ ಜುಮುಜುಮು ಎನ್ನಬಹುದು. ರಕ್ತ ಹೆಪ್ಪುಗಟ್ಟದಿರಲು ಬೆರೆಸುವ ಸಿಟ್ರೇಟ್‌ನಿಂದ ಹಾಗಾಗುತ್ತದೆ, ಹೇಳಿದರೆ ವೇಗ ತಗ್ಗಿಸಿ ಕ್ಯಾಲ್ಸಿಯಂ ಕೊಡುತ್ತಾರೆ. ಹೀಗೆ ಒಬ್ಬರಿಂದ ಪಡೆದ ಒಂದು ಚೀಲ, ಮಾಮೂಲಿ ರಕ್ತದಾನದ ಐದಾರು ಚೀಲಗಳಿಂದ ಸಿಗುವ ಪ್ಲೇಟ್‌ಲೆಟ್‌ಗೆ ಸಮ. ಅದನ್ನು ಬೆಳಕಿಗೆ ಹಿಡಿದು ಮೆಲ್ಲನೆ ಅಲುಗಿಸಿದರೆ ಒಳಗೆ ರೇಷ್ಮೆಯಂತೆ ಮಿನುಗು ಸುಳಿಯುತ್ತದೆ. ಪ್ಲೇಟ್‌ಲೆಟ್‌ಗಳು ಚೆನ್ನಾಗಿವೆ ಎಂಬುದಕ್ಕೆ ಅದು ಗುರುತು. ನಿಮ್ಮ ತೂಕ 50 ಕಿಲೋಗಿಂತ ಹೆಚ್ಚಿರಬೇಕು, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು, ಹಿಂದಿನ ಮೂರು ದಿನ ಆಸ್ಪಿರಿನ್ ನುಂಗಿರಬಾರದು.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ, ವಯಸ್ಸು 42. ಹಿಮೋಗ್ಲೋಬಿನ್ 11.4 ಇದೆಯೆಂದು ಶಿಬಿರದಿಂದ ಹಿಂದಕ್ಕೆ ಕಳಿಸಿದರು. ಮಕ್ಕಳೆದುರು ಅವಮಾನವಾದಂತಾಯಿತು.
– ಓದುಗರು, ಹಾಸನ

ಉತ್ತರ: ಅವಮಾನವೆಂದು ದಯವಿಟ್ಟು ಭಾವಿಸಬೇಡಿ ತಾಯಿ. 12.5ಕ್ಕಿಂತ ಕಡಿಮೆಯಿದ್ದರೆ ಗಂಡಸರಿಂದಲೂ ರಕ್ತ ತೆಗೆಯುವಂತಿಲ್ಲ. ಒಂದು ಸಲ ರಕ್ತ ಕೊಟ್ಟರೆ 200ರಿಂದ 250 ಮಿಲಿಗ್ರಾಂ ಕಬ್ಬಿಣಾಂಶ ಹೋಗುತ್ತದೆ. ಈಗಾಗಲೇ ಕೊರತೆಯಿರುವವರಿಂದ ಅದನ್ನು ಪಡೆಯುವುದು ದಾನಿಗೆ ಮಾಡುವ ಅನ್ಯಾಯ. ನಿಮಗೆ ಈಗ ಬೇಕಾದದ್ದು ವೈದ್ಯರ ಭೇಟಿ. ಈ ವಯಸ್ಸಿನಲ್ಲಿ ಮುಟ್ಟಿನ ಸ್ರಾವ ಹೆಚ್ಚಾಗಿರುವುದೂ ಕಾರಣವಿರಬಹುದು. ಊಟವಾದೊಡನೆ ಕಾಫಿ, ಚಹಾ ಕುಡಿಯುವ ಅಭ್ಯಾಸ ಬಿಡಿ, ಅವು ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಚಿಕಿತ್ಸೆಯ ನಂತರ 12.5 ದಾಟಿದರೆ ನಾಲ್ಕು ತಿಂಗಳಿಗೊಮ್ಮೆ ನೀವೂ ಕೊಡಬಹುದು, ಪುರುಷರಿಗೆ ಈ ಅಂತರ ಮೂರು ತಿಂಗಳು.

ಪ್ರಶ್ನೆ: ತಂದೆಯವರ ಶಸ್ತ್ರಚಿಕಿತ್ಸೆಗೆ ನಮ್ಮ ರಕ್ತವನ್ನೇ ಹಾಕಿ ಎಂದು ಅಣ್ಣತಮ್ಮಂದಿರಿಬ್ಬರೂ ಕೇಳಿಕೊಂಡರೂ ಒಪ್ಪಲಿಲ್ಲ. ದಾನವಾಗಿ ಬಂದ ರಕ್ತಕ್ಕೆ ಹಣವನ್ನೂ ಪಡೆದರು. ಇದು ನ್ಯಾಯವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಮೊದಲನೆಯದು ತಂದೆಯವರ ಒಳಿತಿಗಾಗಿಯೇ. ಮಕ್ಕಳ, ಒಡಹುಟ್ಟಿದವರ ರಕ್ತದಲ್ಲಿರುವ ಬಿಳಿ ಕಣಗಳು ರೋಗಿಯ ದೇಹಕ್ಕೆ ಪರಕೀಯವೆನಿಸದೆ ಅಲ್ಲಿಯೇ ನೆಲೆಯೂರಿ, ಕೊನೆಗೆ ಆ ದೇಹದ ಮೇಲೆಯೇ ಎರಗುವ ಸಂಭವವಿರುತ್ತದೆ. ಅಪರೂಪವಾದರೂ ಬಹುಪಾಲು ಪ್ರಾಣಾಂತಿಕವಾದ ತೊಂದರೆ ಇದು. ಅನಿವಾರ್ಯವಾದಾಗ ಅಂಥ ರಕ್ತವನ್ನು ವಿಕಿರಣಕ್ಕೆ ಒಡ್ಡಿಯೇ ಕೊಡಬೇಕು. ‘ರಕ್ತಸಂಬಂಧ’ ಎಂಬ ಮಾತನ್ನು ನಾವು ಎಷ್ಟೇ ಪ್ರೀತಿಯಿಂದ ಆಡಿದರೂ, ಚೆನ್ನಾಗಿ ಪರೀಕ್ಷಿಸಿದ ಅಪರಿಚಿತರ ರಕ್ತವೇ ಇಲ್ಲಿ ಹೆಚ್ಚು ಕ್ಷೇಮ. ಮನೆಯವರ ಒತ್ತಾಯಕ್ಕೆ ರಕ್ತ ಕೊಡಲು ಬಂದವರು ತಮಗಿದ್ದ ಕಾಯಿಲೆಯನ್ನು ಮುಚ್ಚಿಡುವುದೂ ಉಂಟು.

ಹಣದ ವಿಷಯ ಹೀಗಿದೆ. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ಕೊಡುವುದು ದೇಶದಲ್ಲಿ ನಿಷಿದ್ಧ. ರಕ್ತಕ್ಕೆ ಬೆಲೆ ಕಟ್ಟುವಂತಿಲ್ಲ. ಆದರೆ ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸಲೇಬೇಕು, ಘಟಕಗಳನ್ನು ಬೇರ್ಪಡಿಸಿ ಕಾಯ್ದಿಡಬೇಕು. ಆ ಸಂಸ್ಕರಣಾ ವೆಚ್ಚಕ್ಕೆ ಸರ್ಕಾರ ಮಿತಿ ಗೊತ್ತುಮಾಡಿದೆ. ರಸೀದಿ ಕೇಳಿ ಪಡೆಯಿರಿ, ಮಿತಿ ಮೀರಿದ್ದರೆ ಲಿಖಿತವಾಗಿ ದೂರು ಕೊಡಿ, ಅದು ನಿಮ್ಮ ಹಕ್ಕು.

ಪ್ರಶ್ನೆ: ನನಗೆ 57 ವರ್ಷ, ಬಿಪಿ ಮಾತ್ರೆ ನುಂಗುತ್ತೇನೆ. ಈವರೆಗೆ ಒಮ್ಮೆಯೂ ರಕ್ತ ಕೊಟ್ಟಿಲ್ಲ. ಈಗ ಕೊಡಬಹುದೇ?
– ಓದುಗರು, ಪುತ್ತೂರು

ಉತ್ತರ: ಧಾರಾಳವಾಗಿ ಕೊಡಬಹುದು. ಮೊದಲ ಸಲ ಕೊಡುವವರಿಗೆ 60, ಮತ್ತೆ ಮತ್ತೆ ಕೊಡುವವರಿಗೆ 65 ವರ್ಷದವರೆಗೆ ಅವಕಾಶವಿದೆ. ರಕ್ತದೊತ್ತಡ 140/90 ಮೀರಿರಬಾರದು, ನಾಲ್ಕು ವಾರಗಳಿಂದ ಔಷಧ ಬದಲಾಗಿರಬಾರದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಇಡ್ಲಿಯನ್ನೋ ಅವಲಕ್ಕಿಯನ್ನೋ ತಿಂದು ಸಾಕಷ್ಟು ನೀರು ಕುಡಿದು ಹೋಗಿ. ಪೂರಿ, ವಡೆ, ಬನ್ಸ್ ಮಾತ್ರ ಆ ದಿನ ಬೇಡ, ಎಣ್ಣೆಯ ತಿಂಡಿ ತಿಂದವರ ಪ್ಲಾಸ್ಮಾ ಮಜ್ಜಿಗೆಯಂತೆ ಬೆಳ್ಳಗಾಗಿ, ಎಷ್ಟೋ ಸಲ ಅದನ್ನು ಚೆಲ್ಲಬೇಕಾಗುತ್ತದೆ.