ಪೈಥಾನಾ ಜಾವಾನಾ ಅನ್ನೋದು ಆಮೇಲೆ, ಮೊದಲು ಮೆಡಿಕಲ್ ಶಾಪನ್ನು ಮುಚ್ಚಿಡಬೇಡಿ

ಬಿ.ಎ. ಮುಗಿಸಿ ತೀರ್ಥಹಳ್ಳಿಯ ಮೆಡಿಕಲ್ ಶಾಪಿನಲ್ಲಿ ಕೆಲಸ, ವಯಸ್ಸು 27, ಟೆಕ್ನಿಕಲ್ ಹಿನ್ನೆಲೆ ಇಲ್ಲ, ಸಾಫ್ಟ್‌ವೇರ್ ಕೆಲಸಕ್ಕೆ ಹೋಗಬೇಕು, ಈಗಿನ ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಕೋರ್ಸ್ ಸೇರಲಾ, ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪೈಥಾನ್ ಕಲಿಯಲಾ ಜಾವಾ ಕಲಿಯಲಾ ಅಂತ ಕೇಳಿದ್ದೀರಿ. ಪೈಥಾನ್ ಕಲಿಯಿರಿ. ಆ ವಿಷಯ ಅಲ್ಲಿಗೆ ಮುಗಿಯಿತು. ನಾನೂ ಪೈಥಾನ್‌ನಿಂದಲೇ ಶುರು ಮಾಡಿದ್ದು, ಈಗ ಹೊಟ್ಟೆಪಾಡಿಗೆ ಬರೆಯುವುದು ಜಾವಾ. ಒಂದು ಸರಿಯಾಗಿ ಬಂದರೆ ಇನ್ನೊಂದು ಬರುತ್ತದೆ.

ನಾನು ಬಿ.ಕಾಂ. ಶಿವಮೊಗ್ಗದ ಎಪಿಎಂಸಿ ಯಾರ್ಡಿನ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಸೀಸನ್‌ನಲ್ಲಿ ತಲೆ ಎತ್ತೋಕೆ ಪುರುಸೊತ್ತಿರಲಿಲ್ಲ. ಒಬ್ಬನೇ ಬೆಳೆಗಾರ ತಂದ ಮಾಲಿನಲ್ಲಿ ರಾಶಿ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ, ಸರಕು ಬೇರೆ. ಇವೆಲ್ಲ ಅಡಿಕೆಯ ದರ್ಜೆಗಳು, ಒಂದೊಂದಕ್ಕೂ ಒಂದೊಂದು ರೇಟು. ಹಿಂದೆ ಕೊಟ್ಟ ಮುಂಗಡ ಕಳೆಯಬೇಕು, ಹಮಾಲಿ ಕಳೆಯಬೇಕು, ಪಟ್ಟಿ ಬರೆದು ಕೈಗೆ ಕೊಡಬೇಕು. ಒಂದೇ ಊರು, ಒಂದೇ ಹೆಸರಿನ ಬೆಳೆಗಾರರು ಎಷ್ಟೋ ಜನ. ಹೆಸರು ನಂಬಿ ದುಡ್ಡು ಜಮಾ ಮಾಡಿದರೆ ಜಗಳ ಗ್ಯಾರಂಟಿ, ಹಾಗಾಗಿ ಪ್ರತಿಯೊಬ್ಬರಿಗೂ ಒಂದು ಖಾತೆ ನಂಬರ್. ಮುಂದೆ ಡೇಟಾಬೇಸ್ ಪಾಠದಲ್ಲಿ ಪ್ರೈಮರಿ ಕೀ (ಪ್ರತಿ ದಾಖಲೆಯನ್ನೂ ಬೇರೆಯಾಗಿ ಗುರುತಿಸುವ ನಂಬರ್) ಅಂತ ಬಂದಾಗ, ಅಯ್ಯೋ ಇದು ನಮ್ಮ ಖಾತೆ ನಂಬರ್ ಅಲ್ವಾ ಅನ್ನಿಸಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎಲ್ಲವನ್ನೂ ಹೊಸದಾಗಿ ಕೂರಿಸಬೇಕಾಯಿತು. ಆಗಲೇ ಎಕ್ಸೆಲ್ ಫಾರ್ಮುಲಾಗಳ ಹುಚ್ಚು ಹತ್ತಿದ್ದು. ಅಲ್ಲಿಂದ ಪೈಥಾನ್.

ಆಮೇಲೆ ಕೆಲಸ ಬಿಟ್ಟು ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್ ಸೇರಿದೆ. ನನಗೆ ದುಬಾರಿಯಾದ ತಪ್ಪು ಅದಲ್ಲ. ರೆಸ್ಯೂಮೆ ಮಾಡಿಸುವ ದಿನ ಅಲ್ಲಿನವರು, "ಈ ಅಡಿಕೆ ಮಂಡಿ ಎಲ್ಲ ಯಾಕೆ, ತೆಗೀರಿ, ಫ್ರೆಶರ್ ಅಂತ ಹಾಕಿ" ಅಂದರು. ತೆಗೆದುಬಿಟ್ಟೆ. ಅವರು ಒತ್ತಾಯವನ್ನೇನೂ ಮಾಡಲಿಲ್ಲ. ನನಗೇ ನಾಚಿಕೆ ಇತ್ತು. ಪಕ್ಕದಲ್ಲಿ ಕೂತ ಹುಡುಗರೆಲ್ಲ ಇಂಜಿನಿಯರಿಂಗ್. ನಾನು ಚೀಲ ಎಣಿಸಿದವನು, ಇದನ್ನು ಓದಿ ಯಾರಾದರೂ ನಕ್ಕರೆ ಅನ್ನೋ ಭಯ.

ಇದರ ಪರಿಣಾಮ ಏನು ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಯಾರೂ ನನಗೆ ಹೇಳಿರಲಿಲ್ಲ. ಕಂಪನಿಗಳು ಫ್ರೆಶರ್ ಅಂದಾಗ ಸಾಮಾನ್ಯವಾಗಿ ಹುಡುಕೋದು ಈಗಷ್ಟೇ ಪಾಸಾದವರನ್ನು. ಅರ್ಜಿಯಲ್ಲೇ ಪಾಸಾದ ವರ್ಷ ಕೇಳುತ್ತಾರೆ. ನಾನು ಪಾಸಾಗಿ ಎಷ್ಟೋ ವರ್ಷ ಆಗಿತ್ತು, ಎಷ್ಟೋ ಅರ್ಜಿಗಳನ್ನು ಮನುಷ್ಯರು ನೋಡಿಯೇ ಇರಲಿಕ್ಕಿಲ್ಲ. ದಾಟಿದ ಕಡೆ ಮೊದಲ ಪ್ರಶ್ನೆ: ಡಿಗ್ರಿ ಆದಮೇಲೆ ಇಷ್ಟು ವರ್ಷ ಏನ್ ಮಾಡ್ತಿದ್ರಿ? ಕೆಎಎಸ್‌ಗೆ ಓದ್ತಿದ್ದೆ ಅಂತ ಸುಳ್ಳು ಹೇಳುತ್ತಿದ್ದೆ. ಕೇಳಿದವರ ಮುಖದಲ್ಲಿ ಅಯ್ಯೋ ಪಾಪ ಅನ್ನೋ ಭಾವ ಬರುತ್ತಿತ್ತು. ಅಂದ್ರೆ ನನ್ನ ಹತ್ತಿರ ಇದ್ದ ಒಂದೇ ಬಂಡವಾಳವನ್ನು ನಾನೇ ಹೂತಿಟ್ಟು, ಏನೂ ಇಲ್ಲದವನ ಹಾಗೆ 22ರ ಹುಡುಗರ ಸಾಲಿನಲ್ಲಿ ನಿಂತಿದ್ದೆ. ಆ ಸಾಲಿನಲ್ಲಿ ಅವರು ನನಗಿಂತ ಚುರುಕು, ಸಂಬಳವೂ ಕಡಿಮೆ ಕೇಳುತ್ತಾರೆ. ನಾನು ಯಾಕೆ ಗೆಲ್ಲಬೇಕು ಹೇಳಿ?

ಸುಳ್ಳು ಅನುಭವದ ಸರ್ಟಿಫಿಕೇಟ್ ಕೊಡಿಸ್ತೀವಿ ಅಂದವರೂ ಇದ್ದರು. ಬೇಡ ಅಂದೆ, ಪ್ರಾಮಾಣಿಕತೆಗಿಂತ ಹೆದರಿಕೆಯಿಂದ. ಎಲ್ಲೆಲ್ಲಿ ಕೆಲಸ ಮಾಡಿದ್ದೀರಿ ಅನ್ನೋದು ಪಿಎಫ್‌ನ ಯುಎಎನ್ ಅನ್ನೋ ಖಾಯಂ ನಂಬರಿನಲ್ಲಿ ಕಾಣುತ್ತದೆ. ಅದರ ಹತ್ತಿರವೂ ಸುಳಿಯಬೇಡಿ.

ಕೊನೆಗೆ ವ್ಯಾಪಾರಸ್ಥರಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುವ ಒಂದು ಸಣ್ಣ ಕಂಪನಿಯ ಇಂಟರ್‌ವ್ಯೂ. ರೂಪಾಯಿ ಮೊತ್ತವನ್ನು ಪ್ರೋಗ್ರಾಂನಲ್ಲಿ ಹೇಗೆ ಇಡ್ತೀರಿ ಅಂತ ಕೇಳಿದರು. ಪೈಸೆ ಮಾಡಿ ಪೂರ್ಣ ಸಂಖ್ಯೆಯಲ್ಲಿ ಇಡ್ತೀನಿ ಅಂದೆ. ಯಾಕೆ? ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಅನ್ನುತ್ತದೆ. ಕಂಪ್ಯೂಟರ್ ಲೆಕ್ಕ ಇಡೋದು ಎರಡರ ಪದ್ಧತಿಯಲ್ಲಿ, ಅದರಲ್ಲಿ 0.1 ಪೂರ್ತಿ ಕೂರುವುದಿಲ್ಲ. ಮಂಡಿ ಲೆಕ್ಕಕ್ಕೆ ಅಂತ ಮೊದಲ ಸಲ ಪ್ರೋಗ್ರಾಂ ಬರೆದಾಗ ಜಮಾ, ಖರ್ಚು ಎರಡೂ ಕಣ್ಣಿಗೆ ಒಂದೇ ಇದ್ದರೂ ಅದು ತಾಳೆ ಇಲ್ಲ ಅನ್ನುತ್ತಿತ್ತು. ರಾತ್ರಿಯೆಲ್ಲ ತಲೆ ಕೆಡಿಸಿಕೊಂಡು ಕಲಿತದ್ದು ಅದು. ಇದನ್ನೆಲ್ಲ ಬಾಯಿತಪ್ಪಿ ಹೇಳಿಬಿಟ್ಟೆ.

"ಯಾವ ಮಂಡಿ? ಇಲ್ಲಿ ಬರೆದೇ ಇಲ್ವಲ್ಲ" ಅಂದರು. ಆಮೇಲೆ ಕೋಡಿಂಗ್ ಪ್ರಶ್ನೆ ಕಡಿಮೆ, ಯಾರ್ಡಿನ ಪ್ರಶ್ನೆಯೇ ಜಾಸ್ತಿ. ತಪ್ಪು ಎಂಟ್ರಿ ಬಿದ್ದರೆ ಏನು ಮಾಡ್ತೀರಿ ಅಂದಾಗ, ಅಳಿಸೋದಿಲ್ಲ, ಉಲ್ಟಾ ಎಂಟ್ರಿ ಹಾಕಿ ಸರಿ ಮಾಡ್ತೀವಿ ಅಂದೆ. ಲೆಕ್ಕ ಬರೆಯುವ ಯಾರಿಗಾದರೂ ಗೊತ್ತಿರೋದೇ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾವ ಎಂಟ್ರಿ ಯಾವಾಗ ಬದಲಾಯಿತು ಅನ್ನೋ ದಾಖಲೆ ಇರಲೇಬೇಕು ಅಂತ ನಿಯಮ ಜಾರಿಯಾಗಿದೆ. ಆ ಕಂಪನಿಯವರು ಆಗ ತಮ್ಮ ಸಾಫ್ಟ್‌ವೇರ್‌ಗೆ ಅದನ್ನೇ ಸೇರಿಸುವ ಕೆಲಸದಲ್ಲಿದ್ದರು. ನನಗೆ ಕೆಲಸ ಸಿಕ್ಕಿತು.

ಆದ್ದರಿಂದ ಟೆಕ್ನಿಕಲ್ ಹಿನ್ನೆಲೆ ಇಲ್ಲ ಅನ್ನೋ ನಿಮ್ಮ ಮಾತನ್ನು ನಾನು ಒಪ್ಪಲ್ಲ. ನೀವು ಮೆಡಿಕಲ್ ಶಾಪಿನಲ್ಲಿದ್ದೀರಿ ಸ್ವಾಮಿ! ಸ್ಟ್ರಿಪ್ ಮೇಲೆ ಎಕ್ಸ್‌ಪೈರಿ 08/2026 ಅಂತ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಅಂತ ನಿಮಗೆ ಗೊತ್ತು. ಗೊತ್ತಿಲ್ಲದ ಪ್ರೋಗ್ರಾಮರ್ ಅದನ್ನು ಆಗಸ್ಟ್ 1 ಅಂತ ತಗೊಂಡರೆ ಒಳ್ಳೇ ಮಾಲು ಒಂದು ತಿಂಗಳು ಮೊದಲೇ ಪಟ್ಟಿಯಿಂದ ಹೊರಗೆ. ಒಂದೇ ಮಾತ್ರೆ, ಬೇರೆ ಬ್ಯಾಚ್, ಬೇರೆ ಎಕ್ಸ್‌ಪೈರಿ ಅನ್ನೋದು ಗೊತ್ತು. ಶೆಡ್ಯೂಲ್ ಎಚ್1 ಪಟ್ಟಿಯ, ಅಂದ್ರೆ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಕೆಲವು ಔಷಧಿಗಳಿಗೆ ಬೇರೆ ರಿಜಿಸ್ಟರ್ ಇಟ್ಟು 3 ವರ್ಷ ಕಾಪಾಡಬೇಕು ಅನ್ನೋದೂ ಗೊತ್ತು. ಆಸ್ಪತ್ರೆ, ಫಾರ್ಮಸಿಗಳಿಗೆ ಸಾಫ್ಟ್‌ವೇರ್ ಮಾಡುವವರು ಇದನ್ನು ದುಡ್ಡು ಕೊಟ್ಟು ಕೇಳಿ ತಿಳಿದುಕೊಳ್ಳುತ್ತಾರೆ. ನೀವು ಅರ್ಜಿ ಹಾಕಬೇಕಾದ್ದು ಅಂಥ ಕಡೆ. ಕೋಡ್ ಬರೆಯೋಕೆ ಈಗ ಎಐ ಇದೆ, ಬರೆದದ್ದು ಅಂಗಡಿಗೆ ಸರಿಹೋಗುತ್ತದಾ ಅಂತ ನೋಡೋಕೆ ನಿಮ್ಮಂಥವರು ಬೇಕು.

ಕೆಲಸ ಬಿಡಬೇಡಿ, ಆಫರ್ ಲೆಟರ್ ಕೈಗೆ ಬರುವ ತನಕ. ಕೋರ್ಸಿಗೆ ದುಡ್ಡನ್ನೂ ಕಟ್ಟಬೇಡಿ. ಫ್ರೀಕೋಡ್‌ಕ್ಯಾಂಪ್ ಉಚಿತ, ಹಾರ್ವರ್ಡ್‌ನ ಸಿಎಸ್50 ಪಾಠಗಳನ್ನು ಪುಕ್ಕಟೆ ನೋಡಬಹುದು, ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರುಗಳೇ ಪಾಠ ಮಾಡುತ್ತಾರೆ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು, ನೆಟ್‌ವರ್ಕ್ ಕತೆ ಗೊತ್ತು. ವಿಡಿಯೋ ಇಳಿಸಿಟ್ಟುಕೊಳ್ಳಿ, ಪೈಥಾನ್ ಮತ್ತು ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್ ಎರಡೂ ನೆಟ್ ಇಲ್ಲದೆಯೂ ನಡೆಯುತ್ತವೆ.

ಪೈಥಾನ್ ಸ್ವಲ್ಪ ಕೈಗೆ ಹತ್ತಿದ ಕೂಡಲೇ ನಿಮ್ಮ ಅಂಗಡಿಗೆ ಒಂದು ಪ್ರೋಗ್ರಾಂ ಬರೆಯಿರಿ: ಮುಂದಿನ ಮೂರು ತಿಂಗಳಲ್ಲಿ ಎಕ್ಸ್‌ಪೈರಿ ಆಗುವ ಬ್ಯಾಚ್‌ಗಳ ಪಟ್ಟಿ, ಡಿಸ್ಟ್ರಿಬ್ಯೂಟರ್‌ಗೆ ವಾಪಸ್ ಕಳಿಸೋಕೆ. ಮಾಲೀಕರಿಗೆ ಕೊಟ್ಟು ಬಳಸೋಕೆ ಹೇಳಿ, ಬೈಗುಳ ಬಂದಲ್ಲಿ ತಿದ್ದಿ. ಅದನ್ನು ಗಿಟ್‌ಹಬ್‌ಗೆ (ಕೋಡನ್ನು ಎಲ್ಲರೂ ನೋಡುವಂತೆ ಇಡುವ ವೆಬ್‌ಸೈಟ್) ಹಾಕಿ, ರೆಸ್ಯೂಮೆಯಲ್ಲಿ ಮೆಡಿಕಲ್ ಶಾಪಿನ ಕೆಳಗೇ ಬರೆಯಿರಿ. ಒಂದು ಎಚ್ಚರಿಕೆ: ಮುಂದೆ ಎಚ್1 ರಿಜಿಸ್ಟರನ್ನೂ ಅದಕ್ಕೆ ಸೇರಿಸಿದರೆ ಗಿಟ್‌ಹಬ್‌ಗೆ ಹೋಗುವ ಪ್ರತಿಯಲ್ಲಿ ನಿಜವಾದ ರೋಗಿಗಳ, ಡಾಕ್ಟರುಗಳ ಹೆಸರು ಬೇಡ. ಕಟ್ಟಿದ ಹೆಸರು ಹಾಕಿ. ತೀರ್ಥಹಳ್ಳಿ ಸಣ್ಣ ಊರು.