ಹುಷಾರಾದ ಮೇಲೂ ಮಾತ್ರೆ ಬೇಕಾ?

ತಮ್ಮ ಎರಡು ವರ್ಷದಿಂದ ಚೆನ್ನಾಗಿದ್ದಾನೆ, ಸ್ಕಿಜೋಫ್ರೇನಿಯಾದ (ಇಲ್ಲದ ದನಿ ಕೇಳಿಸುವ, ಸುಳ್ಳು ಅನುಮಾನ ಕಾಡುವ ಮಾನಸಿಕ ಕಾಯಿಲೆ) ಮಾತ್ರೆ ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ನನ್ನ ಅಕ್ಕನೂ ಹೀಗೇ ಬಿಟ್ಟಿದ್ದಳು. ಮೊದಲ ಕೆಲವು ವಾರ ಏನೂ ಆಗಲಿಲ್ಲ, ಮೋಸ ಹೋಗೋದೇ ಅಲ್ಲಿ. ಆಮೇಲೆ ನಿದ್ದೆ ಕೆಟ್ಟಿತು. ಯಾರೋ ನೋಡ್ತಿದ್ದಾರೆ ಅಂತ ರಾತ್ರಿ 3 ಗಂಟೆಗೆ ಎದ್ದು ಕಿಟಕಿ ಪರದೆಗೆ ಪಿನ್ನು ಚುಚ್ಚುತ್ತಾ ಕೂತಿರುತ್ತಿದ್ದಳು. ಈಗ ಎರಡು ರಾತ್ರಿ ನಿದ್ದೆ ಬಾರದಿದ್ದರೆ ಅವಳೇ ಡಾಕ್ಟರಿಗೆ ಫೋನ್ ಮಾಡುತ್ತಾಳೆ.

ದಿನಾ ನುಂಗೋದು ಬೇಜಾರಾದರೆ ತಿಂಗಳಿಗೊಮ್ಮೆ, ಕೆಲವರಿಗೆ 3 ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಕೇಳಿ ನೋಡಿ. ತೂಕ ಜಾಸ್ತಿ ಆಗ್ತಿದ್ದರೆ, ಮಂಪರು ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಡೋಸ್ ಕಮ್ಮಿ ಮಾಡಬಹುದು, ಔಷಧಿಯನ್ನೇ ಬದಲಿಸಬಹುದು. ಅಂದಹಾಗೆ, ಯಾಕೆ ಬೇಡ ಅನಿಸುತ್ತಿದೆ ಅಂತ ತಮ್ಮನನ್ನೇ ಕೇಳಿದ್ದೀರಾ?